ಮೊದಲು ಸಿಕ್ಕಿದ್ದು

ಶಿಗ್ಗಾಂವ
೧೨ ಫೆಬ್ರುವರಿ ೨೦೨೪

ಪೂಜ್ಯ ವಿಮಲಾಬಾಯಿಯವರಿಗೆ,

ನಾನು ಅಂಕಿತಾ, ಹಿರೇಕೆರೂರಿನವಳು. ನಿಮ್ಮ ಮಗಳು ಪದ್ಮಜಾಳ ಜೊತೆ ಶಿಗ್ಗಾಂವಿನ ಈ ಮಾಳಿಗೆ ಮನೆಯಲ್ಲಿದ್ದವಳು, ಅವಳಿದ್ದ ವಿಮಾ ಕಂಪನಿಯಲ್ಲಿಯೇ ಅವಳ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದವಳು. ಹೋದ ಅಕ್ಟೋಬರಿನಲ್ಲಿ, ಅವಳು ತೀರಿಕೊಂಡ ದಿನ, ಹುಬ್ಬಳ್ಳಿಯ ಆಸ್ಪತ್ರೆಯ ಮೆಟ್ಟಿಲ ಮೇಲೆ ನೀವು ನನ್ನನ್ನು ನೋಡಿದ್ದೀರಿ. ಮಾತಾಡುವ ಹೊತ್ತು ಅದಾಗಿರಲಿಲ್ಲ. ಈಗ ನಿಮ್ಮ ನಂಬರಿಗೆ ಫೋನ್ ಹಚ್ಚಿದರೆ ಆ ನಂಬರೇ ಇಲ್ಲ ಎಂದು ಬರುತ್ತದೆ. ನಿಮ್ಮ ಮೈದುನ ಜಯತೀರ್ಥ ಅವರಿಗೆ ಫೋನ್ ಮಾಡಿದೆ. "ವೈನಿ ಯಾರ ಕೂಡಾನೂ ಫೋನಿನ್ಯಾಗ ಮಾತಾಡಂಗಿಲ್ಲ. ಕಾಗದ ಬರೀರಿ, ಓದ್ತಾರ" ಎಂದರು.

ಸಮಾಧಾನ ಹೇಳಲು ಬರೆಯುತ್ತಿಲ್ಲ, ಅಷ್ಟು ದೊಡ್ಡವಳಲ್ಲ ನಾನು. ಕೆಲಸದ ಒಂದು ತೊಂದರೆ ಕೇಳಬೇಕಾಗಿದೆ.

ನಮ್ಮ ಕಂಪನಿಯ ಲೆಕ್ಕವೆಲ್ಲ ಮೇನ್‌ಫ್ರೇಮ್ ಎಂಬ ಹಳೆಯ ದೊಡ್ಡ ಕಂಪ್ಯೂಟರಿನ ಮೇಲಿದೆ, ನೀವೂ ಅಂಥದರ ಮೇಲೆಯೇ ಕೆಲಸ ಮಾಡಿದವರು ಎಂದು ಪದ್ಮಜಾ ಹೇಳುತ್ತಿದ್ದಳು. ಅದರಲ್ಲಿ 'ಶೋಧ' ಎಂಬ ಸಣ್ಣ ಪ್ರೋಗ್ರಾಮ್ ಇದೆ. ತೀರಿಕೊಂಡವರ ಹೆಸರು, ಹುಟ್ಟಿದ ದಿನ ಕೊಟ್ಟರೆ ಅವರು ಎಲ್ಲಿಯಾದರೂ ಪಾಲಿಸಿ ಮಾಡಿಸಿದ್ದರೆ ಹುಡುಕಿ ಹೇಳುತ್ತದೆ. ಮನೆಯವರು ಶಾಖೆಗೆ ಬಂದು ಕೇಳಿದಾಗ ನಾವು ಓಡಿಸುವುದು ಅದನ್ನೇ. ಹಳೆಯ ಪಾಲಿಸಿಗಳು ಸಿಗುತ್ತಿಲ್ಲ ಎಂದು ಶಾಖೆಗಳಿಂದ ದೂರು ಬಂತು. ಪ್ರೋಗ್ರಾಮ್ ತೆಗೆದು ನೋಡಿದೆ. ತಪ್ಪೇ ಇಲ್ಲ. ಹಳೆಯದು, ಹೊಸದು ಎಲ್ಲವನ್ನೂ ನೋಡು ಎಂದು ಸ್ಪಷ್ಟವಾಗಿ ಬರೆದಿದೆ. ಆದರೆ ಓಡಿಸಿದರೆ ನೋಡುವುದಿಲ್ಲ.

ಕೊನೆಗೆ, ಓಡಲೇಬಾರದು ಎಂದು ಅದರ ನಡುವೆ ಬೇಕೆಂದೇ ಒಂದು ಕೆಟ್ಟ ಸಾಲು ಬರೆದು ಉಳಿಸಿದೆ. ಆದರೂ ಓಡಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಈ ಮಾತು ಬಂತು: "ತಡಿ, ಹುಡುಕಾಕತ್ತೇನಿ." ಸ್ವಲ್ಪ ಹೊತ್ತಿನ ಮೇಲೆ: "ಏನೂ ಸಿಗಲಿಲ್ಲ."

ಆ ಮಾತು ನಾನು ತೆಗೆದು ನೋಡಿದ ಪ್ರೋಗ್ರಾಮಿನಲ್ಲಿ ಎಲ್ಲಿಯೂ ಇಲ್ಲ. ಅದು ಪದ್ಮಜಾಳ ಮಾತು. ಕೀಲಿಕೈ ಕಳೆದಾಗ, ಚೀಲದಲ್ಲಿ ಚಿಲ್ಲರೆ ಸಿಗದಾಗ ಅವಳು ಹೇಳುತ್ತಿದ್ದುದು ಹೀಗೆಯೇ. ನಾನು ಎದ್ದು ಆಫೀಸಿನ ಮೆಟ್ಟಿಲಿಳಿದು ಕೆಳಗಿನ ಕಾಳಿನ ಅಂಗಡಿಯ ಮುಂದೆ ನಿಂತುಕೊಂಡೆ.

ಜೊತೆಯವರಿಗೆ ಹೇಳಿದರೆ "ಲಾಗಾಫ್ ಮಾಡಿ ಮತ್ತ ಬಾ" ಎನ್ನುತ್ತಾರೆ. ಅದು ಯಾರ ಮಾತು ಎಂದು ಅವರಿಗೆ ಹೇಳಲು ನನಗಾಗುವುದಿಲ್ಲ. ಏನಾದರೂ ತೊಡಕು ಬಂದರೆ ಪದ್ಮಜಾ "ನಮ್ಮವ್ವಗ ಕೇಳಿದ್ರ ನಿಂತ ನಿಲವಿನ್ಯಾಗ ಹೇಳ್ತಿದ್ಲು" ಎನ್ನುತ್ತಿದ್ದಳು. ಕೇಳುತ್ತಿರಲಿಲ್ಲ. ನಾನು ಕೇಳುತ್ತಿದ್ದೇನೆ.

ನಿಮಗೆ ಕಷ್ಟ ಕೊಡುತ್ತಿರುವ,
ಅಂಕಿತಾ


ಸವಣೂರು
೨೦ ಫೆಬ್ರುವರಿ ೨೦೨೪

ಅಂಕಿತಾ ಅವರಿಗೆ,

ಪತ್ರ ಮುಟ್ಟಿತು. ನಾನು ಫೋನು ಇಟ್ಟುಕೊಂಡಿಲ್ಲ. ಕೇಳುವುದಿದ್ದರೆ ಹೀಗೆಯೇ ಬರೆಯಬಹುದು.

ಹುಬ್ಬಳ್ಳಿಯ ಕಂಪ್ಯೂಟರ್ ಕೇಂದ್ರ ಬಿಟ್ಟು ಬಹಳ ವರ್ಷವಾಯಿತು. ಆದರೂ ಆ ಯಂತ್ರದ ಸ್ವಭಾವ ಬದಲಾಗಿರಲಾರದು. ನೀವು ಬರೆದದ್ದರಲ್ಲಿ ಹೆದರುವಂಥದ್ದು ಏನೂ ಇಲ್ಲ. ನೀವು ತಿದ್ದುತ್ತಿರುವ 'ಶೋಧ' ಒಂದು, ಓಡುತ್ತಿರುವ 'ಶೋಧ' ಇನ್ನೊಂದು. ಎರಡಕ್ಕೂ ಹೆಸರು ಒಂದೇ.

ನೀವು ಬರಿಯ ಹೆಸರು ಬರೆದಾಗ ಯಂತ್ರ ಪ್ರೋಗ್ರಾಮುಗಳನ್ನು ಇಟ್ಟಿರುವ ಕಪಾಟಿನಂಥ ಲೈಬ್ರರಿಗಳನ್ನು, ತನಗೆ ತೋರಿಸಿದವನ್ನು, ಸಾಲಾಗಿ ನೋಡುತ್ತ ಹೋಗುತ್ತದೆ. ಮೊದಲು ಬಳಸುವವರ ಸ್ವಂತ ಲೈಬ್ರರಿ, ಆಮೇಲೆ ಆ ಕೆಲಸಕ್ಕೆಂದು ಇಟ್ಟದ್ದು, ಕಟ್ಟಕಡೆಗೆ ಎಲ್ಲರಿಗೂ ಸೇರಿದ್ದು. ಆ ಹೆಸರಿನದು ಎಲ್ಲಿ ಮೊದಲು ಸಿಕ್ಕಿತೋ ಅದನ್ನೇ ಓಡಿಸುತ್ತದೆ. ಮುಂದೆ ಅದೇ ಹೆಸರಿನ ಸರಿಯಾದದ್ದು ಇದ್ದರೂ ಅಲ್ಲಿಯವರೆಗೆ ಹೋಗುವುದಿಲ್ಲ. ನೀವು ಕೆಟ್ಟ ಸಾಲು ಬರೆದದ್ದು ಕಡೆಯ ಲೈಬ್ರರಿಯಲ್ಲಿ. ಯಂತ್ರ ಅಲ್ಲಿಗೆ ಬರಲೇ ಇಲ್ಲ. ಆ ಸಾಲನ್ನು ಈಗಲೇ ಅಳಿಸಿ.

'ಆಲ್ಟ್‌ಲಿಬ್ ಡಿಸ್‌ಪ್ಲೇ' ಎಂಬ ಆಜ್ಞೆ ಕೊಟ್ಟರೆ ಲೈಬ್ರರಿಗಳ ಸಾಲು ಕಾಣುತ್ತದೆ. ಮೊದಲಿಗೆ ಯಾರದು ನಿಂತಿದೆ ನೋಡಿ. ಸರಿಯಾದದ್ದನ್ನೇ ಓಡಿಸಬೇಕೆಂದರೆ ಅದರ ಲೈಬ್ರರಿಯ ಪೂರ್ತಿ ಹೆಸರು ಸೇರಿಸಿ ಬರೆಯಿರಿ, ಆಗ ಯಂತ್ರ ಹುಡುಕಲು ಹೋಗುವುದಿಲ್ಲ. ನೀವು ಕೆಲಸಕ್ಕೆ ಸೇರಿದಾಗ ನಿಮ್ಮ ಲಾಗಾನ್ ಏರ್ಪಾಡನ್ನು ಯಾರು ಮಾಡಿಕೊಟ್ಟರು ಎಂಬುದನ್ನೂ ನೆನೆಸಿಕೊಳ್ಳಿ.

ಪರದೆಯ ಮೇಲಿನ ಆ ಮಾತು ಇಂಗ್ಲಿಷ್ ಅಕ್ಷರಗಳಲ್ಲಿ ಹೇಗಿತ್ತು ಎಂದು ತಿಳಿಸಿ. 'ತಡಿ' ಎಂಬಲ್ಲಿ ಇಂಗ್ಲಿಷಿನ ಡಿ ಅಕ್ಷರ ಒಂದೋ ಎರಡೋ. ಕೆಲಸಕ್ಕೆ ಇದರ ಅಗತ್ಯವಿಲ್ಲ, ನನಗೆ ಬೇಕು.

ವಿಮಲಾಬಾಯಿ


ಶಿಗ್ಗಾಂವ
೩ ಮಾರ್ಚ್ ೨೦೨೪

ಪೂಜ್ಯ ವಿಮಲಾಬಾಯಿಯವರಿಗೆ,

ಡಿ ಒಂದೇ ಇದೆ.

ನೀವು ಹೇಳಿದ ಹಾಗೆಯೇ ಆಗಿದೆ. ನನ್ನ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಪದ್ಮಜಾಳ ಸ್ವಂತ ಲೈಬ್ರರಿ ನಿಂತಿದೆ. ನಾನು ಸೇರಿದ ದಿನ ಅವಳು ತನ್ನ ಏರ್ಪಾಡನ್ನೇ ನನಗೆ ನಕಲು ಮಾಡಿಕೊಟ್ಟಿದ್ದಳು. "ಇಷ್ಟ ಇಟ್ಕೋ, ಮುಂದ ನಿನಗ ಬೇಕಾದಂಗ ಬದಲಿಸ್ಕೋ" ಎಂದಿದ್ದಳು. ನಾನು ಬದಲಿಸಲಿಲ್ಲ. ಆಮೇಲೆ ಬಂದವರಿಗೆ ನಾನು ನನ್ನದನ್ನು ಕೊಟ್ಟೆ, ಹಾನಗಲ್, ಹಿರೇಕೆರೂರು ಶಾಖೆಗಳಿಗೂ ಅದನ್ನೇ ಕಳಿಸಿದೆ. ತನ್ನ ಲೈಬ್ರರಿ ಇಷ್ಟು ಜನರ ಮುಂದೆ ನಿಂತಿದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಜ್ವರ ಬರುವ ಮುಂಚಿನ ವಾರ ಅವಳು 'ಶೋಧ'ವನ್ನು ಹೊಸದಾಗಿ ಬರೆಯತೊಡಗಿದ್ದಳು. ತನ್ನ ಲೈಬ್ರರಿಯಲ್ಲಿ ಇಟ್ಟುಕೊಂಡು, ತಾನೊಬ್ಬಳೇ ಪರೀಕ್ಷಿಸುತ್ತಿದ್ದೇನೆ ಎಂದುಕೊಂಡು. ಹೊಸ ಪಾಲಿಸಿಗಳ ಭಾಗ ಮುಗಿದಿದೆ. ಹಳೆಯವುಗಳ ಭಾಗ ಬರಬೇಕಾದಲ್ಲಿ 'ಇಲ್ಲಿಂದ ನಾಳೆ' ಎಂದು ಬರೆದು ಬಿಟ್ಟಿದ್ದಾಳೆ. ಅಷ್ಟೇ ಇದೆ.

ಅಂದರೆ ಅಕ್ಟೋಬರಿನಿಂದ ಇಲ್ಲಿಯವರೆಗೆ, ಹಳೆಯ ಪಾಲಿಸಿ ಇದ್ದ ಎಲ್ಲರಿಗೂ ನಾವು ಇಲ್ಲ ಎಂದಿದ್ದೇವೆ. ಹಾನಗಲ್ ಶಾಖೆಯ ಬಾಬಾಜಾನ ಒಬ್ಬ ಹೆಂಗಸಿನ ಸಲುವಾಗಿ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದ. ಫಕ್ಕೀರವ್ವ ಎಂದು, ಅಕ್ಕಿಆಲೂರಿನ ಆಚೆಯವರು, ಗಂಡ ತೀರಿಕೊಂಡಿದ್ದಾರೆ. ಹಿಂದಿನಿಂದ ಅವರ ದನಿ ಕೇಳುತ್ತಿತ್ತು: "ಇನ್ನೊಮ್ಮಿ ನೋಡಂತ ಹೇಳ್ರಿ ಅವರಿಗೆ." ನಾನು ಪ್ರತಿ ಸಲ ನೋಡಿದೆ, ಪ್ರತಿ ಸಲ ಇಲ್ಲ ಎಂದೆ. ಮೊನ್ನೆ ಲೈಬ್ರರಿಯ ಪೂರ್ತಿ ಹೆಸರು ಕೊಟ್ಟು ಸರಿಯಾದದ್ದನ್ನು ಓಡಿಸಿದೆ. ಪಾಲಿಸಿ ಇದೆ.

ಇದನ್ನು ಮೇಲಿನವರಿಗೆ ತಿಳಿಸಬೇಕು. ಇನ್ನೂ ತಿಳಿಸಿಲ್ಲ. ತಿಳಿಸಿದರೆ ಅವರು ಮೊದಲು ಕೇಳುವುದು ಯಾರ ತಪ್ಪು ಎಂದು. ಉತ್ತರ ಕೊಡಲು ಈಗ ಇಲ್ಲದವಳ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಎಲ್ಲರಿಗೂ ಹಗುರ. ಇನ್ನೊಂದು ಕಾರಣವೂ ಇದೆ, ನಿಮಗಲ್ಲದೆ ಯಾರಿಗೂ ಹೇಳಲಾರೆ. ಆಫೀಸಿಗೆ ಹೋದ ಕೂಡಲೇ ಯಾವುದಾದರೂ ಒಂದು ಹೆಸರು ಕೊಟ್ಟು ಅವಳದನ್ನು ಒಮ್ಮೆ ಓಡಿಸುತ್ತೇನೆ. 'ತಡಿ' ಎನ್ನುತ್ತಾಳೆ. ತಡೆಯುತ್ತೇನೆ. ಲೈಬ್ರರಿ ಸರಿಸಿದರೆ ಅದೂ ಇಲ್ಲ.

ಏನು ಮಾಡಲಿ?

ಅಂಕಿತಾ


ಸವಣೂರು
೧೪ ಮಾರ್ಚ್ ೨೦೨೪

ಅಂಕಿತಾಗೆ,

ಇನ್ನು ಮುಂದೆ ನೀನು ಎಂದೇ ಬರೆಯುತ್ತೇನೆ. ಪದ್ಮಜಾಳಿಗಿಂತ ಚಿಕ್ಕವಳಿರಬೇಕು.

ಅವಳ ಲೈಬ್ರರಿಯನ್ನು ಎಲ್ಲರ ಸಾಲಿನಿಂದಲೂ ತೆಗೆಸು. ಮೇಲಿನವರಿಗೆ ತಿಳಿಸು. ಅವಳ ಹೆಸರು ಬರೆಯಬೇಕಾದಲ್ಲಿ ಬರೆ. ಅರ್ಧ ಬರೆದದ್ದು ಅವಳ ತಪ್ಪಲ್ಲ, ಅದನ್ನು ಊರಿಗೆಲ್ಲ ಹಂಚಿದವರು ಬೇರೆಯವರು, ಅದೂ ತಿಳಿಯದೆ. ಇದನ್ನು ಹಾಗೆಯೇ ಬರೆ. ಆ ಹೆಂಗಸು ಇನ್ನೊಮ್ಮೆ ಕೇಳಲು ಶಾಖೆಗೆ ಬರುವ ಹಾಗೆ ಆಗಬಾರದು, ನೀವೇ ಅವಳಿದ್ದಲ್ಲಿಗೆ ಹೋಗಬೇಕು. ಬೆಳಿಗ್ಗೆ ಅದನ್ನು ಓಡಿಸುವುದನ್ನು ಬಿಡು. ನಿನಗೆ ಒಳ್ಳೆಯದಲ್ಲ. ಹೇಳುವುದು ಸುಲಭ ಎಂದು ನನಗೆ ಗೊತ್ತು. ಇಲ್ಲಿ ಸಂಜೆ ಹೊರಬಾಗಿಲ ಚಿಲಕ ಅಲ್ಲಾಡಿದರೆ ನಾನು ಈಗಲೂ ಏಳುತ್ತೇನೆ. ಜಯತೀರ್ಥ ಒಳಗಿನಿಂದ "ಗಾಳಿ ಅದ, ಕೂಡ್ರಿ ವೈನಿ" ಎನ್ನುತ್ತಾನೆ. ಕೂಡುತ್ತೇನೆ.

ತೆಗೆಯುವ ಮೊದಲು ನನಗೊಂದು ಉಪಕಾರ ಮಾಡು. ಅವಳು ಬರೆದ ಆ ಅರ್ಧ ಪ್ರೋಗ್ರಾಮನ್ನು ಇದ್ದ ಹಾಗೆ ಬರೆದು ಕಳಿಸು. ಅದರಲ್ಲಿ ಗಿರಾಕಿಗಳ ಹೆಸರು ಇರುವುದಿಲ್ಲ, ಯಾರಿಗೂ ಧಕ್ಕೆಯಿಲ್ಲ. ಅವಳಿಗೆ ಮೊದಲ ಪಾಠ ಕಲಿಸಿದವಳು ನಾನು. ಯಲವಿಗಿಯಿಂದ ಹುಬ್ಬಳ್ಳಿಗೆ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿಬರುತ್ತಿದ್ದೆ. ಸೂಟಿಯ ದಿನಗಳಲ್ಲಿ ಅವಳನ್ನೂ ಕರೆದೊಯ್ಯುತ್ತಿದ್ದೆ, ಹಳೆಯ ಪ್ರಿಂಟಿನ ಬೆನ್ನಿಗೆ ಬರೆಸುತ್ತಿದ್ದೆ. ಯಂತ್ರಕ್ಕೆ ಹೇಳುವುದರ ಜೊತೆಗೆ ಮುಂದೆ ಓದುವವರಿಗೂ ಎರಡು ಮಾತು ಬರೆದಿಡಬೇಕು, ಯಂತ್ರ ಅದನ್ನು ದಾಟಿಕೊಂಡು ಹೋಗುತ್ತದೆ ಎಂದು ಹೇಳಿಕೊಟ್ಟಿದ್ದೆ. ಅವಳು ಅಂಥ ಮಾತು ಏನಾದರೂ ಬರೆದಿದ್ದಾಳೋ ನೋಡಬೇಕು.

ಅವಳು ಗಂಡನ ಮನೆ ಬಿಟ್ಟು ಬಂದಾಗ ನಾನು ಬಾಗಿಲಲ್ಲಿ ನಿಂತು ಏನು ಹೇಳಿದೆ ಎಂಬುದನ್ನು ಅವಳು ನಿನಗೆ ಹೇಳಿರಬೇಕು. ಹೇಳದಿದ್ದರೆ ಕೇಳಬೇಡ.

ವಿಮಲಾಬಾಯಿ


ಶಿಗ್ಗಾಂವ
೨೯ ಮಾರ್ಚ್ ೨೦೨೪

ಪೂಜ್ಯ ವಿಮಲಾಬಾಯಿಯವರಿಗೆ,

ಪ್ರಿಂಟು ಹೊರಗೆ ಒಯ್ಯುವ ಹಾಗಿಲ್ಲ. ಪರದೆ ನೋಡಿಕೊಂಡು ಕೈಯಿಂದ ಬರೆದಿದ್ದೇನೆ, ಹಾಳೆಗಳು ಇದರ ಜೊತೆಗಿವೆ. ಖಾಲಿ ಬಿಟ್ಟ ಸಾಲುಗಳನ್ನೂ ಖಾಲಿ ಬಿಟ್ಟಿದ್ದೇನೆ.

ಕೊನೆಯ ಹಾಳೆಯಲ್ಲಿ, 'ಇಲ್ಲಿಂದ ನಾಳೆ' ಎಂಬುದರ ಕೆಳಗೆ, ಓದುವವರಿಗೆಂದು ಬರೆದ ಇನ್ನೊಂದು ಸಾಲಿದೆ. ಮೊದಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. "ಅವ್ವಾ, ನೀ ಕಲಿಸಿದ್ದು ಒಂದೂ ಮರ್ತಿಲ್ಲ" ಎಂದಿದೆ.

ನಾಳೆ ಲೈಬ್ರರಿ ತೆಗೆಸುತ್ತೇನೆ. ವರದಿಯನ್ನೂ ಕೊಡುತ್ತೇನೆ.

ಅಂಕಿತಾ


ಶಿಗ್ಗಾಂವ
೨೧ ಏಪ್ರಿಲ್ ೨೦೨೪

ಪೂಜ್ಯ ವಿಮಲಾಬಾಯಿಯವರಿಗೆ,

ನಿಮ್ಮಿಂದ ಪತ್ರ ಬಂದಿಲ್ಲ. ಆರೋಗ್ಯವಾಗಿದ್ದೀರಿ ಎಂದುಕೊಳ್ಳುತ್ತೇನೆ.

ಲೈಬ್ರರಿ ತೆಗೆದದ್ದಾಯಿತು. ವರದಿಯಲ್ಲಿ ನನ್ನ ಹೆಸರು ಮೊದಲು, ಪದ್ಮಜಾಳದು ಆಮೇಲೆ ಬರೆದೆ. ನನಗೊಂದು ಕಟುವಾದ ಕಾಗದ ಬಂದಿದೆ. ಬರಲಿ. ಅಕ್ಟೋಬರಿನಿಂದ ಇಲ್ಲ ಎಂದು ಹೇಳಿ ಕಳಿಸಿದ ಎಲ್ಲರ ಹೆಸರನ್ನೂ ಮತ್ತೆ ಹುಡುಕಬೇಕು ಎಂದು ಮೇಲಿನವರು ಒಪ್ಪಿದರು. ಆ ಕೆಲಸ ನಡೆದಿದೆ. 'ಶೋಧ' ಈಗ ಮಾತಾಡುವುದಿಲ್ಲ. ಹೆಸರು ಕೊಟ್ಟರೆ ಉತ್ತರ ಕೊಡುತ್ತದೆ, ಅಷ್ಟೇ.

ಫಕ್ಕೀರವ್ವನ ಹತ್ತಿರ ನಾನೇ ಹೋದೆ. "ನೀವ್ಯಾಕ ಬಿಸಲಾಗ ಬರ್ತೀರಿ, ನಾ ಹೇಳಿ ಕಳಸ್ತೇನಿ" ಎಂದ ಬಾಬಾಜಾನ. ನೀವು ಹೇಳಿದ್ದು ನೆನಪಿತ್ತು. ಬಂಕಾಪುರದ ಮೇಲಿಂದ ಹಾನಗಲ್ಲಿಗೆ ಹೋಗಿ, ಅವನ ಬೈಕಿನ ಹಿಂದೆ ಕುಳಿತು ಅಕ್ಕಿಆಲೂರು ದಾಟಿದೆ.

ಕಟ್ಟೆಯ ಮೇಲೆ ಮೆಣಸಿನಕಾಯಿ ಹರವಿಕೊಂಡು ತೊಟ್ಟು ಮುರಿಯುತ್ತ ಕುಳಿತಿದ್ದರು. ನಾನು ಯಾರೆಂದು ಬಾಬಾಜಾನ ಹೇಳಿದ. ಪಾಲಿಸಿ ಸಿಕ್ಕಿದೆ, ನಿಮ್ಮ ಹೆಸರಿಗೇ ಇದೆ ಎಂದೆ. ಅವರು ಇನ್ನೂ ಒಂದಷ್ಟು ಕಾಯಿಯ ತೊಟ್ಟು ಮುರಿದರು.

"ಐತಿ ಅಂದ್ರಿ?"

"ಐತಿರಿ ಅವ್ವಾರ. ಮೊದಲಿಂದನೂ ಇತ್ತು. ನಮ್ಮ ಕಡೆ ತಪ್ಪಾಗಿತ್ತು."

ಅವರ ಹಿಂದಿನ ಗೋಡೆಯಲ್ಲಿ ಒಂದು ಮೊಳೆ ಇತ್ತು. ಅದರ ಕೆಳಗೆ ಪಟವಿದ್ದ ಜಾಗ ಚೌಕಾಗಿ ಬೆಳ್ಳಗೆ ಕಾಣುತ್ತಿತ್ತು. ನಾನು ಅತ್ತ ನೋಡಿದ್ದನ್ನು ಅವರು ನೋಡಿದರು.

"ಸಾಯೂ ಮುಂದ ಹೇಳಿದ್ದ. ನಿನ್ನ ಹೆಸರಿಲೆ ಮಾಡಿಸೇನಿ, ಯಾರ ಮುಂದೂ ಕೈ ಒಡ್ಡಬ್ಯಾಡ ಅಂದಿದ್ದ. ನೀವು ಇಲ್ಲ ಅಂದ್ರಿ. ಹೋದಾಗೊಮ್ಮೆ ಇಲ್ಲ ಅಂದ್ರಿ. ಕಡೀಕ ನಾನೂ ಹಂಗ ಅಂದ್ಕೊಂಡ್ನಿ. ಹೋಗೂ ಮುಂದೂ ಸುಳ್ಳ ಹೇಳಿ ಹೋದ್ಯಲ್ಲೋ ಅಂತ ಪಟ ತಗದು ಟ್ರಂಕಿನ್ಯಾಗ ಒಗದೀನಿ. ಇಂವಗ ಎಡಿ ಇಡಂಗಿಲ್ಲ ಅಂತ ಮಕ್ಕಳಿಗೆ ಹೇಳೀನಿ."

"ಈಗ ತಗದು ಹಾಕ್ರಿ ಅವ್ವಾರ."

"ಪಟ ಹಾಕೂದೇನ ದೊಡ್ಡದಲ್ಲ ತಂಗಿ. ಇಷ್ಟ ದಿನಾ ಬೈದೇನಲ್ಲ, ಅದನ್ನ ಎಲ್ಲಿಂದ ತಗೀಲಿ? ಅಂವ ಕೇಳಿಸ್ಕೊಂಡಿದ್ರ?"

ಅವರು ಒಳಗೆ ಹೋಗಿ ಮಜ್ಜಿಗೆ ತಂದರು. ನಾನು ಕುಡಿಯುವಾಗ, ತಪ್ಪು ಯಾರು ಮಾಡಿದ್ದು ಎಂದು ಕೇಳಿದರು. "ಒಬ್ಬಾಕಿ ಕೆಲಸ ಅರ್ಧಕ್ಕ ಬಿಟ್ಟು ತೀರಿಕೊಂಡ್ಲು. ಅದನ್ನ ನಾ ತಿಳೀದ ಎಲ್ಲಾರಿಗೂ ಹಂಚೀನಿ" ಎಂದೆ.

"ಸಣ್ಣಾಕಿನ?"

"ಹೂನ್ರಿ."

"ಅಕಿ ಅವ್ವ ಅದಾಳೇನು?"

"ಅದಾರ."

"ಹಂಗಾರ ನನ್ನ ಮುಂದ ಯಾಕ ಕುಂತಿ? ಅಕಿ ಕಡೆ ಹೋಗು."

ಬರಬೇಕು ಎಂದುಕೊಂಡೆ. ಸವಣೂರಿನ ಬಸ್ಸು ಎದುರಿಗೇ ನಿಂತಿರುತ್ತದೆ, ಹತ್ತಲು ಧೈರ್ಯವಾಗುವುದಿಲ್ಲ. ಯಾಕೆಂದು ನೀವು ಕೇಳಿದರೆ ಹೇಳುತ್ತೇನೆ.

ಅಂಕಿತಾ


ಸವಣೂರು
೨ ಜೂನ್ ೨೦೨೪

ಅಂಕಿತಾ,

ನಿನ್ನ ಎರಡೂ ಪತ್ರಗಳು ಎದುರಿಗಿವೆ. ಸಿಟ್ಟು ಇಳಿಯಲಿ ಎಂದು ಇಷ್ಟು ದಿನ ಕಾದೆ.

ಆ ಸಾಲನ್ನು ಪದ್ಮಜಾ ಬರೆದಿಲ್ಲ. ನೀನು ಬರೆದಿದ್ದೀ.

ನಮ್ಮದು ತುಂಬಿದ ಮನೆಯಾಗಿತ್ತು. ಮೈದುನಂದಿರು, ನಾದಿನಿಯರು ಎಲ್ಲರಿಗೂ ನಾನು ಅತ್ತಿಗೆ, ಎಲ್ಲರೂ ನನ್ನನ್ನು ವೈನಿ ಎನ್ನುತ್ತಿದ್ದರು. ಕೂಸು ಮಾತು ಕಲಿಯುವಾಗ ಅದನ್ನೇ ಕಲಿಯಿತು. ಪದ್ಮಿ ಹುಟ್ಟಾ ನನ್ನನ್ನು ಅವ್ವ ಎಂದು ಕರೆದವಳಲ್ಲ. ನಿಮ್ಮಂಥವರ ಮುಂದೆ 'ನಮ್ಮವ್ವ' ಎನ್ನುತ್ತಿದ್ದಳು, ನನಗೆ ವೈನಿ ಎಂದೇ. ಬೈಯುವಾಗಲೂ ವೈನಿ, ಜ್ವರದಲ್ಲಿ ನರಳುವಾಗಲೂ ವೈನಿ. ಹಾಳೆ ಓದಿದ ಕೂಡಲೇ ನನಗೆ ತಿಳಿಯಿತು. ತಿಳಿದ ಮೇಲೂ ನಂಬಲು ನೋಡಿದೆ. ಒಂದು ಸಲ ಎಲ್ಲ ಮಕ್ಕಳ ಹಾಗೆ ಕರೆಯೋಣ ಎಂದು ಅವಳಿಗೆ ಅನಿಸಿರಬಹುದಲ್ಲ ಎಂದುಕೊಂಡೆ. ಹಾಳೆಯನ್ನು ದೇವರ ಮುಂದೆ ಇಟ್ಟೆ. ಮಂಗಳಾರತಿ ಆಗುವ ಮೊದಲೇ ತೆಗೆದೆ.

ನೀನು ಮರುಕದಿಂದ ಮಾಡಿದ್ದು, ಅದು ಗೊತ್ತಾಗದಷ್ಟು ಕಲ್ಲಲ್ಲ ನಾನು. ಆದರೆ ಅದರಿಂದ ಏನಾಗಿದೆ ಕೇಳು. ಈ ಮನೆಯಲ್ಲಿ ಈಗ ಇಬ್ಬರು ಪದ್ಮಜಾ ಇದ್ದಾರೆ. ನೆನೆಸಿದರೆ ಮೊದಲು ಬರುವವಳು ನೀನು ಬರೆದವಳು. ಮೆತ್ತಗೆ ಮಾತಾಡುತ್ತಾಳೆ, ಅವ್ವಾ ಎನ್ನುತ್ತಾಳೆ. ಅವಳನ್ನು ಆಚೆ ಸರಿಸಿ ನನ್ನ ಮಗಳನ್ನು ನಾನು ಹುಡುಕಬೇಕಾಗಿದೆ. ನನ್ನ ಮಗಳು ಮೆತ್ತಗಿರಲಿಲ್ಲ.

ಆ ಸಾಲು ಬೇಕಾಗಿಯೂ ಇರಲಿಲ್ಲ. ನೀನು ನಿಷ್ಠೆಯಿಂದ ಖಾಲಿ ಸಾಲುಗಳನ್ನೂ ಬಿಟ್ಟು ಬರೆದಿದ್ದೀಯಲ್ಲ, ಪ್ರತಿ ಭಾಗ ಮುಗಿಯುವ ಮುಂಚೆ ಅವಳು ಒಂದು ಸಾಲು ಖಾಲಿ ಬಿಟ್ಟಿದ್ದಾಳೆ. ಯಂತ್ರಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ. ಅದು ನನ್ನ ಅಭ್ಯಾಸ. ನಾನು ಆ ಹಾಳೆಗಳನ್ನು ಇಟ್ಟುಕೊಂಡಿದ್ದೇನೆ, ಕೊನೆಯದನ್ನು ಬಿಟ್ಟು.

ನೀನು ಫೋನಿನ ಬಗ್ಗೆ ಕೇಳಲಿಲ್ಲ. ನಾನೇ ಹೇಳುತ್ತೇನೆ. ಅವಳು ಹೋಗುವ ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ. ನಿದ್ದೆ ಹತ್ತಿರಲಿಲ್ಲ. ಫೋನು ಬಡಿಯಿತು. ಅವಳ ಹೆಸರು. ಎರಡು ವರ್ಷದ ಮೇಲೆ ಬಂದ ಕರೆ. ಕೈಯಲ್ಲಿ ಹಿಡಿದುಕೊಂಡು ನೋಡುತ್ತ ಕುಳಿತೆ. ಆಸ್ಪತ್ರೆಯಲ್ಲಿದ್ದಾಳೆ ಎಂದು ನನಗೇನು ಗೊತ್ತು? ಇನ್ನೊಮ್ಮೆ ಹಚ್ಚಲಿ, ಆಗ ಎತ್ತುತ್ತೇನೆ ಎಂದುಕೊಂಡೆ. ನಿಂತಿತು. ಇನ್ನೊಮ್ಮೆ ಬರಲಿಲ್ಲ. ಸಂಜೆಯ ತನಕ ಫೋನು ಎದುರಿಗಿಟ್ಟುಕೊಂಡು ಕುಳಿತಿದ್ದೆ. ನಸುಕಿನಲ್ಲಿ ಜಯತೀರ್ಥನಿಗೆ ನಿನ್ನ ಫೋನು ಬಂತು.

ಫಕ್ಕೀರವ್ವನ ಗಂಡ ಅವಳಿಗೆ ಒಂದು ಮಾತು ಹೇಳಿ ಹೋಗಿದ್ದ. ನನಗೆ ಹೇಳಬೇಕಾದದ್ದು ಏನಿತ್ತು, ಯಾಕೆ ಎರಡನೆಯ ಸಲ ಹಚ್ಚಲಿಲ್ಲ, ಸಿಟ್ಟಾದಳೋ, ಇದೇ ಈಗ ನನ್ನ ಹಗಲು ರಾತ್ರಿ. ನೀನು ಅವಳ ಪಕ್ಕದಲ್ಲಿದ್ದೆ. ಆ ದಿನಗಳಲ್ಲಿ ಅವಳು ಏನು ಮಾತಾಡಿದಳೋ ಅದನ್ನು ಬರೆ. ನನ್ನ ಬಗ್ಗೆ ಏನೂ ಇಲ್ಲದಿದ್ದರೆ ಇಲ್ಲ ಎಂದು ಬರೆ. ಇದ್ದದ್ದು ಕೆಟ್ಟದಾಗಿದ್ದರೆ ಹಾಗೆಯೇ ಬರೆ. ಸೇರಿಸಬೇಡ.

ವಿಮಲಾಬಾಯಿ


ಹಿರೇಕೆರೂರು
೧೬ ಜೂನ್ ೨೦೨೪

ಪೂಜ್ಯರಿಗೆ,

ನಿಮ್ಮ ಪತ್ರ ಬಂದ ಮೇಲೆ ರಜೆ ಹಾಕಿ ಊರಿಗೆ ಬಂದಿದ್ದೇನೆ. ಆ ಸಾಲು ನಾನೇ ಬರೆದದ್ದು. ಪ್ರೋಗ್ರಾಮಿನಲ್ಲಿ ಅಲ್ಲ, ಹಾಳೆಯ ಮೇಲೆ ಮಾತ್ರ. ಅವಳದನ್ನು ಮುಟ್ಟಿಲ್ಲ. ಕ್ಷಮಿಸಿ ಎಂದು ಬರೆಯಲು ಹೋದರೆ ಕೈ ಏಳುವುದಿಲ್ಲ, ನೀವು ಆ ಹಾಳೆ ದೇವರ ಮುಂದಿನಿಂದ ತೆಗೆದದ್ದು ಕಣ್ಣಿಗೆ ಕಟ್ಟುತ್ತದೆ.

ನೆನಪಿದ್ದದ್ದು ಇಷ್ಟು. ಆಸ್ಪತ್ರೆಯ ಮೊದಲ ದಿನಗಳಲ್ಲಿ ಅವಳು ನಗುತ್ತಲೇ ಇದ್ದಳು. ಸಲಾಯಿನ್ ಹಚ್ಚಿದ ಹುಡುಗಿಗೆ "ನಿಧಾನ ಹಾಕ್ರಿ, ನಾ ಎಲ್ಲೂ ಓಡಿ ಹೋಗೂದಿಲ್ಲ" ಎಂದಳು. ಲಿಂಬೆಹಣ್ಣಿನ ಸಾರು ಬೇಕು ಎಂದಳು, ತಂದರೆ ಕುಡಿಯಲಿಲ್ಲ. ಗಂಡನ ಬಗ್ಗೆ ಮಾತಾಡಲಿಲ್ಲ. ನಿಮ್ಮ ಬಗ್ಗೆಯೂ ಇಲ್ಲ. ಮನೆಗೆ ತಿಳಿಸೋಣವೇ ಎಂದು ನಾನು ಕೇಳಿದಾಗ "ಇಷ್ಟಕ್ಕ ಯಾಕ, ಆರಾಮಾದ ಮ್ಯಾಲೆ ನಾನ ಹೋಗ್ತೇನಿ" ಎಂದಳು. ನಿಜವಾಗಿ ಹೋಗುವವಳಿದ್ದಳೋ, ನನ್ನ ಬಾಯಿ ಮುಚ್ಚಿಸಲು ಹೇಳಿದಳೋ ನನಗೆ ಗೊತ್ತಿಲ್ಲ.

ನೀವು ಬರೆದ ಆ ಮಧ್ಯಾಹ್ನ ನಾನು ಅಲ್ಲಿಯೇ ಇದ್ದೆ. ಅವಳ ಕೈಯಲ್ಲಿ ಸಲಾಯಿನ್ ಸೂಜಿ ಇತ್ತು, ನಂಬರು ಹಚ್ಚಿಕೊಟ್ಟವಳು ನಾನು. ಯಾರಿಗೆಂದು ಅವಳು ತೋರಿಸಿದ ಹೆಸರು ನೋಡಿ ತಿಳಿಯಿತು. ಪೂರ್ತಿ ಬಡಿಯುವ ತನಕ ಕಿವಿಗೆ ಹಿಡಿದುಕೊಂಡೇ ಇದ್ದಳು. ನಿಂತ ಮೇಲೆ ನಾನು ಫೋನು ತೆಗೆದುಕೊಂಡು ಮತ್ತೆ ಹಚ್ಚಲು ಹೋದೆ. ನನ್ನ ಕೈ ಹಿಡಿದಳು.

"ಮಲಗಿರ್ತಾಳ ಈ ಹೊತ್ತಿನ್ಯಾಗ. ಎಬ್ಬಸಬ್ಯಾಡ" ಎಂದಳು.

ಸಿಟ್ಟು ಇರಲಿಲ್ಲ. ಆಮೇಲೆ ಗೋಡೆಯ ಕಡೆಗೆ ಹೊರಳಿದಳು. ಸಂಜೆ ಮೇಲೆ ಮಾತು ಬರಿಯ ಬಡಬಡಿಕೆಯಾಯಿತು, ತಿಳಿಯಲಿಲ್ಲ.

ಅವಳು ಆಗ ವೈನಿ ಎನ್ನಲಿಲ್ಲ, ಅವ್ವ ಎಂದೂ ಅನ್ನಲಿಲ್ಲ. ಮಲಗಿರ್ತಾಳ ಎಂದಳು, ಅಷ್ಟೇ. ನಿಮ್ಮ ಪತ್ರ ಓದಿದ ಮೇಲೆ ವೈನಿ ಎಂಬ ಶಬ್ದವನ್ನು ಅವಳ ಬಾಯಿಗೆ ಇಟ್ಟು ಬರೆಯಬಹುದಾಗಿತ್ತು. ಇಟ್ಟಿಲ್ಲ.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀವು ನಿಜಕ್ಕೂ ಮಲಗಿದ್ದಿರಿ ಎಂದುಕೊಂಡಿದ್ದೆ. ಹೇಳಿದರೆ ಆ ನಿದ್ದೆಗಾಗಿ ನೀವು ಜೀವಮಾನವಿಡೀ ಕೊರಗುತ್ತೀರಿ ಎಂದು ಹೆದರಿದ್ದೆ.

ಅಂಕಿತಾ


ಸವಣೂರು
೨೫ ಜೂನ್ ೨೦೨೪

ಅಂಕಿತಾ,

ಪತ್ರ ಓದಿದೆ. ಜಯತೀರ್ಥನಿಗೆ ತೋರಿಸಲಿಲ್ಲ.

ನಾನು ಮಧ್ಯಾಹ್ನ ಮಲಗುತ್ತೇನೆ ಎಂಬುದು ನಿಜ. ರವಿವಾರ ನಾನು ಮಲಗಿದಾಗ ಯಾರೂ ಎಬ್ಬಿಸಬಾರದು ಎಂದು ಅವಳು ಚಿಕ್ಕವಳಿದ್ದಾಗ ಬಾಗಿಲಿಗೆ ಅಡ್ಡ ಕುಳಿತುಕೊಳ್ಳುತ್ತಿದ್ದಳು. ನಿನಗೆ ಅದು ಗೊತ್ತಿರಲು ಸಾಧ್ಯವಿಲ್ಲ ಎನ್ನುತ್ತೇನೆ. ಮರುಗಳಿಗೆಗೆ, ಒಂದೇ ಕೋಣೆಯಲ್ಲಿದ್ದವರು, ಎಂದಾದರೂ ಹೇಳಿರಬಹುದಲ್ಲ ಎನ್ನುತ್ತೇನೆ. ವೈನಿ ಎಂಬ ಶಬ್ದ ನೀನು ಸೇರಿಸಲಿಲ್ಲ. ಸೇರಿಸಿದ್ದರೆ ಹರಿದು ಒಲೆಗೆ ಹಾಕುತ್ತಿದ್ದೆ. ಸೇರಿಸದೆ ಇದ್ದದ್ದಕ್ಕೂ ಅನುಮಾನ ಬಂತು, ಜಾಣೆಯಾದವಳು ಹೀಗೂ ಬರೆಯಬಲ್ಲಳು ಎಂದು. ನಂಬಬೇಕೆಂಬ ಆಸೆ ಎಷ್ಟಿದೆಯೆಂದರೆ, ಅದಕ್ಕಾಗಿಯೇ ಹೆದರಿಕೆಯಾಗುತ್ತದೆ. ನಿನ್ನೆ ಮಧ್ಯಾಹ್ನ ಕಣ್ಣು ಮುಚ್ಚಿದರೆ ಯಾರೋ ಹೊಸ್ತಿಲ ಹತ್ತಿರ ಕುಳಿತ ಹಾಗೆ. ತೆರೆಯಲಿಲ್ಲ.

ಕಾಗದದ ಮೇಲಿನದು ಇನ್ನು ಸಾಕು. ಬರುವ ರವಿವಾರ ಶಿಗ್ಗಾಂವಿಗೆ ಬರುತ್ತೇನೆ. ಅವಳಿದ್ದಷ್ಟು ಕಾಲ ಆ ಬಸ್ಸು ನಮ್ಮ ಓಣಿಯ ತಿರುವಿನಲ್ಲಿಯೇ ನಿಲ್ಲುತ್ತಿತ್ತು, ಒಮ್ಮೆಯೂ ಹತ್ತಲಿಲ್ಲ. ನೀನು ಸ್ಟ್ಯಾಂಡಿಗೆ ಬರಬೇಡ, ಕೇಳಿಕೊಂಡು ಬರುತ್ತೇನೆ. ಅಡಿಗೆಯನ್ನೂ ಮಾಡಬೇಡ. ಬುತ್ತಿ ಕಟ್ಟಿಕೊಂಡು ಬರುತ್ತೇನೆ, ಇಬ್ಬರಿಗೂ ಆಗುತ್ತದೆ.

ಉಂಡಾದ ಮೇಲೆ ನನ್ನ ಎದುರಿಗೆ ಕುಳಿತು, ಅವಳು ಹೇಗೆ ಹೇಳಿದಳೋ ಹಾಗೆ, ಆ ಎರಡು ಮಾತನ್ನು ಒಮ್ಮೆ ಹೇಳು. ನಾನು ನಿನ್ನ ಮುಖವನ್ನೇ ನೋಡುತ್ತಿರುತ್ತೇನೆ. ಆಮೇಲೆ ಮತ್ತೆಂದೂ ಕೇಳುವುದಿಲ್ಲ.

ವಿಮಲಾಬಾಯಿ